ಗಂಡು ಅಂದರೆ ಹೀಗೇ ಇರಬೇಕು ಅಂತ ಹೇಳಿದವರು ಯಾರು?



ಈ ಹದಿನೈದು ದಿನಗಳಲ್ಲಿ ಬಂದ ಪತ್ರಗಳಲ್ಲಿ ಹೆಚ್ಚಿನವು ಎಂದಿನಂತೆ ಅತ್ತೆ ಸೊಸೆಯರ ಮುನಿಸು, ಮಕ್ಕಳ ಓದು, ಸೊಂಟನೋವುಗಳ ಬಗ್ಗೆ. ಅವುಗಳ ನಡುವೆ ಒಂದು ಪತ್ರ ಮಾತ್ರ ಬೇರೆ ಥರದ್ದು. ಬರೆದಾಕೆ ಹೆಸರು, ಊರು ಎರಡನ್ನೂ ಹಾಕಬೇಡಿ ಅಂದಿದ್ದಾರೆ. ಹಾಕುವುದಿಲ್ಲ. ಬಯಲುಸೀಮೆಯ ಒಂದು ತಾಲ್ಲೂಕು ಊರು, ಕೂಡುಕುಟುಂಬ ಅಂದರೆ ಸಾಕು.

ಆಕೆಯ ಮಗನಿಗೆ ಹದಿನೈದು ವರ್ಷ. ಓದಿನಲ್ಲಿ ಚುರುಕು, ಮಾತು ಮೆದು. ಅಮ್ಮನಿಗೆ ತರಕಾರಿ ಹೆಚ್ಚಿಕೊಡುತ್ತಾನೆ. ಹಬ್ಬ ಬಂದರೆ ರಂಗೋಲಿ ಅವನದೇ. ಹೋಳಿಗೆ ತಟ್ಟುವುದರಲ್ಲಿ ಮನೆಯ ಹೆಂಗಸರಿಗಿಂತ ಒಂದು ಕೈ ಮೇಲು. ಕ್ರಿಕೆಟ್ಟಿಗೆ ಕರೆದರೆ ಹೋಗುವುದಿಲ್ಲ. ಒಂದು ಭಾನುವಾರ ರಾತ್ರಿ ಮನೆಮಂದಿಯೆಲ್ಲ ಟೀವಿಯಲ್ಲಿ ಹಾಸ್ಯ ಕಾರ್ಯಕ್ರಮ ನೋಡುತ್ತಾ ಕೂತಿದ್ದರಂತೆ. ಅದರಲ್ಲಿ ಒಬ್ಬ ನಟ ಸೊಂಟ ಬಳುಕಿಸುತ್ತಾ, ರಾಗ ಎಳೆಯುತ್ತಾ ಇನ್ನೊಬ್ಬ ಗಂಡಸಿನ ಬೆನ್ನು ಹತ್ತುತ್ತಾನೆ, ಆ ಗಂಡಸು ಬೆಚ್ಚಿ ಓಡುತ್ತಾನೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಈಕೆಯೂ ನಕ್ಕರು. ಆಗ ಮೈದುನ ಹುಡುಗನ ಕಡೆ ತಿರುಗಿ, "ನಮ್ಮನೇಲೂ ಒಬ್ಬ ತಯಾರಾಗ್ತಾ ಇದಾನೆ ನೋಡಿ" ಅಂದ. ಮತ್ತೊಂದು ಸುತ್ತು ನಗು. ಹುಡುಗ ಎದ್ದು ಹೋದ. ಅವತ್ತಿನಿಂದ ಅಡುಗೆಮನೆಗೆ ಕಾಲಿಡುವುದಿಲ್ಲ, ಟೀವಿ ಮುಂದೆ ಕೂರುವುದಿಲ್ಲ, ಕರೆದರೆ ಎರಡೇ ಮಾತು.

"ಅಕ್ಕಾ, ನನ್ನ ಮಗ ಆ ಥರದವನಾ? ಅಡುಗೆಮನೆಗೆ ಬರಬೇಡ ಅಂತ ಮೊದಲೇ ಗದರಿಸಿದ್ದರೆ ಸರಿಹೋಗುತ್ತಿತ್ತಾ? ಈ ಟೀವಿ ಸಿನಿಮಾ ನೋಡಿಯೇ ಹೀಗಾದನಾ?" ಇವು ಆ ತಾಯಿಯ ಪ್ರಶ್ನೆಗಳು.

ಮೊದಲನೆಯದಕ್ಕೆ ಉತ್ತರ ಹೇಳಲು ನನ್ನಿಂದಾಗದು ತಾಯಿ. ಹೋಳಿಗೆ ನೋಡಿ, ರಂಗೋಲಿ ನೋಡಿ ಅದನ್ನು ಯಾರೂ ಹೇಳಲಾರರು. ಅವನಿಗೇ ಇನ್ನೂ ಗೊತ್ತಿದೆಯೋ ಇಲ್ಲವೋ. ಆದರೆ "ಆ ಥರ" ಅಂದಿರಲ್ಲ, ಆ ಥರದವರು ಹೀಗಿರುತ್ತಾರೆ ಅನ್ನುವ ಚಿತ್ರ ನಿಮ್ಮ ಮೈದುನನ ತಲೆಗೆ ಎಲ್ಲಿಂದ ಬಂತು? ಅವರು ಅಂಥವರೊಬ್ಬರನ್ನೂ ಹತ್ತಿರದಿಂದ ಕಂಡಿರಲಿಕ್ಕಿಲ್ಲ. ಸಿನಿಮಾದಲ್ಲಿ ಕಂಡಿದ್ದಾರೆ, ಅಷ್ಟೇ. ಅದಕ್ಕೇ ಈ ಸಲ ಸಿನಿಮಾದ ಮಾತೇ ಆಡೋಣ ಅಂದುಕೊಂಡೆ. ಪುರಾಣದ ಹಾಗೆ ಉದ್ದವಾದರೆ ಬೇಸರಿಸಬೇಡಿ, ಒಲೆಯ ಮೇಲೆ ಬೇಳೆಗಿಟ್ಟು ಕೂತುಕೊಳ್ಳಿ.

ಒಂದು ಮಾತನ್ನು ಮೊದಲೇ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಮೂರ್ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬಿಬಿಡುತ್ತಾರೆ. ಮೆದು ಮಾತಿನ, ನಾಜೂಕು ನಡೆಯ ಗಂಡಸು ಒಬ್ಬ. ರಂಗದ ಮೇಲೆ ಹೆಣ್ಣುವೇಷ ಕಟ್ಟುವವನು ಇನ್ನೊಬ್ಬ. ಯಕ್ಷಗಾನದ ಸ್ತ್ರೀವೇಷಧಾರಿಗಳನ್ನು ನಾವು ಚೌಕಿಮನೆಗೆ ಹೋಗಿ ಮಾತಾಡಿಸಿ ಬರುತ್ತೇವೆ, ಮರಾಠಿ ರಂಗಭೂಮಿಯ ಬಾಲಗಂಧರ್ವರು ಸೀರೆ ಉಟ್ಟ ಬಗೆಯನ್ನು ಆ ಕಾಲದ ಮನೆತನಸ್ಥ ಹೆಂಗಸರೇ ಅನುಕರಿಸುತ್ತಿದ್ದರು. ಹುಟ್ಟಿದ್ದು ಗಂಡುದೇಹದಲ್ಲಾದರೂ ತಾನು ಹೆಣ್ಣೆಂದೇ ಬಾಳುವ ಜೀವ ಮತ್ತೊಂದು. 2015ರ ಕನ್ನಡ ಚಿತ್ರ 'ನಾನು ಅವನಲ್ಲ ಅವಳು' ಅದರ ಕಥೆ, ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು. ಇವರೆಲ್ಲರಿಂದ ಬೇರೆಯಾಗಿ, ತಾನು ಗಂಡಸೇ, ಆದರೆ ತನ್ನ ಒಲವು ಗಂಡಸಿನ ಕಡೆಗೇ ಅನ್ನುವವನು ಇನ್ನೊಬ್ಬ. ಸಲಿಂಗಿ ಅನ್ನುತ್ತಾರೆ, ಈಗಿನ ಹುಡುಗರು 'ಗೇ' ಅನ್ನುತ್ತಾರೆ. ಇವನ ನಡಿಗೆ ಹೇಗಿರುತ್ತದೆ? ನಿಮ್ಮ ಪಕ್ಕದ ಮನೆಯವರ ನಡಿಗೆಯ ಹಾಗೇ ಇದ್ದೀತು. ಒಲವಿಗೂ ನಡಿಗೆಗೂ ಗಂಟು ಹಾಕಿದ್ದು ಬಹುಮಟ್ಟಿಗೆ ಸಿನಿಮಾದವರು.

ಇದಕ್ಕೆ ಅಮೆರಿಕದಿಂದ ಒಂದು ಕಥೆ ಹೇಳುತ್ತೇನೆ. ಅಷ್ಟು ದೂರ ಯಾಕೆ ಹೋಗುತ್ತೇನೆ ಅಂದರೆ, ಇಷ್ಟು ಚೊಕ್ಕವಾದ ಉದಾಹರಣೆ ಇನ್ನೆಲ್ಲೂ ನನಗೆ ಸಿಕ್ಕಿಲ್ಲ.

ರಾಕ್ ಹಡ್ಸನ್ ಅಂತ ಹಾಲಿವುಡ್ ನಟ. ಹುಟ್ಟಿದ್ದು 1925ರಲ್ಲಿ, ಹುಟ್ಟುಹೆಸರು ರಾಯ್ ಶೇರರ್. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದ, ಆಮೇಲೆ ಲಾರಿ ಓಡಿಸಿದ. ಆರೂಕಾಲು ಅಡಿ ಮೀರಿದ ಎತ್ತರ, ಅಗಲವಾದ ಎದೆ, ಗಂಭೀರವಾದ ಗಂಟಲು. ಆತನ ಏಜೆಂಟ್ ಹೆನ್ರಿ ವಿಲ್ಸನ್ ಎಂಬುವನು ಜಿಬ್ರಾಲ್ಟರಿನ ಬಂಡೆಯಿಂದ 'ರಾಕ್', ನ್ಯೂಯಾರ್ಕಿನ ನದಿಯಿಂದ 'ಹಡ್ಸನ್' ತೆಗೆದು ಜೋಡಿಸಿ ಹೆಸರಿಟ್ಟ. ಬಂಡೆ ಮತ್ತು ಹೊಳೆ! ಗಂಡಸುತನವನ್ನು ಹೆಸರಿನಲ್ಲೇ ಎರಕ ಹೊಯ್ದ ಹಾಗೆ. 1954ರ 'ಮ್ಯಾಗ್ನಿಫಿಸೆಂಟ್ ಅಬ್ಸೆಷನ್' ಚಿತ್ರದಿಂದ ತಾರೆಯಾದ. 1956ರ 'ಜೈಂಟ್'ನಲ್ಲಿ ಎಲಿಜಬೆತ್ ಟೇಲರಳಿಗೆ ಗಂಡನಾಗಿ ಟೆಕ್ಸಾಸಿನ ಜಮೀನುದಾರನ ಪಾತ್ರ ಮಾಡಿ ಆಸ್ಕರ್ ಪ್ರಶಸ್ತಿಗೆ ನಾಮಕರಣಗೊಂಡ. ಗಂಡು ಅಂದರೆ ಹೀಗಿರಬೇಕು ಅಂತ ಆ ದೇಶದ ತಾಯಂದಿರು ಮಕ್ಕಳಿಗೆ ತೋರಿಸಿದ ಮುಖ ಅದು. ಹೆಣ್ಣುಮಕ್ಕಳು ಕನಸು ಕಂಡ ಮುಖವೂ ಅದೇ.

ಆತ ಸಲಿಂಗಿ. ಸ್ಟುಡಿಯೋದವರಿಗೆ ಗೊತ್ತಿತ್ತು, ಜೊತೆಗೆ ನಟಿಸುವವರಲ್ಲಿ ಹಲವರಿಗೆ ಗೊತ್ತಿತ್ತು. ಪ್ರೇಕ್ಷಕರಿಗೆ ಮಾತ್ರ ಗೊತ್ತಿರಲಿಲ್ಲ.

ಈಗ 1959ರ 'ಪಿಲೋ ಟಾಕ್' ಎಂಬ ನಗೆಚಿತ್ರದ ಒಂದು ಸಂದರ್ಭ ಕೇಳಿ. ನಮ್ಮ ಪತ್ರಿಕೆಯ ಓದುಗರಿಗಂತೂ ಇದು ಹೇಳಿ ಮಾಡಿಸಿದ್ದು. ನಾಯಕಿ ಡೋರಿಸ್ ಡೇ, ನಾಯಕ ಹಡ್ಸನ್. ಇಬ್ಬರ ಮನೆಗೂ ಒಂದೇ ಟೆಲಿಫೋನ್ ಲೈನು, ಅದರ ಮೇಲೆ ದಿನಾ ಜಗಳ. ಮುಖ ನೋಡಿದವರಲ್ಲ. ಅವಳನ್ನು ಎಲ್ಲೋ ಕಂಡು ಮೆಚ್ಚಿದ ಈತ, ತಾನು ಟೆಕ್ಸಾಸಿನ ಮುಗ್ಧ ಹಳ್ಳಿಗ ಅಂತ ಸುಳ್ಳು ಹೇಳಿ ಸ್ನೇಹ ಬೆಳೆಸುತ್ತಾನೆ. ಅವಳು ತಾನೇ ಮುಂದಾಗಲಿ ಅಂತ ಒಂದು ಹೂಟ ಹೂಡುತ್ತಾನೆ: ಆ ಹಳ್ಳಿಗ 'ಬೇರೆ ಥರ'ದವನೇನೋ ಅನ್ನುವ ಅನುಮಾನ ಅವಳ ತಲೆಯಲ್ಲಿ ಬಿತ್ತುವುದು. ಹೇಗೆ ಅಂತೀರಿ? ಹೋಟೆಲಿನಲ್ಲಿ ಕೂತು ಕಿರುಬೆರಳು ಎತ್ತಿ ಲೋಟ ಹಿಡಿಯುತ್ತಾನೆ. ಅಮ್ಮನ ಬಗ್ಗೆ ಅಕ್ಕರೆಯಿಂದ ಮಾತಾಡುತ್ತಾನೆ. ತಿಂಡಿ ಬಾಯಿಗಿಟ್ಟು, ಇದನ್ನು ಮಾಡುವ ವಿಧಾನ ಸಿಕ್ಕೀತೇ, ಊರಿಗೆ ಹೋದಾಗ ಅಮ್ಮನಿಗೆ ಹೇಳಬೇಕು ಅನ್ನುತ್ತಾನೆ. ಅಷ್ಟಕ್ಕೇ ಅವಳ ಮುಖ ಬಾಡುತ್ತದೆ, ಚಿತ್ರಮಂದಿರದಲ್ಲಿ ನಗು ಉಕ್ಕುತ್ತದೆ.

ಅಡುಗೆ ವಿಧಾನ ಕೇಳುವುದು, ಅಮ್ಮನನ್ನು ನೆನೆಯುವುದು! ಅಷ್ಟೇ ಸಾಕಾಯಿತು ನೋಡಿ. ನಿಮ್ಮ ಮೈದುನ ಹಿಡಿದಿರುವ ಅಳತೆಗೋಲು ಇವತ್ತಿನದೂ ಅಲ್ಲ, ನಮ್ಮ ಊರಿನದೂ ಅಲ್ಲ. ನಮ್ಮ ಪತ್ರಿಕೆಗೆ ಬರೆದು ಪುಳಿಯೋಗರೆ ಗೊಜ್ಜಿನ ಅಳತೆ ಕೇಳುವ ಗಂಡಸರೂ ಇದ್ದಾರೆ, ಅವರ ಹೆಂಡತಿಯರಿಗೆ ಈ ಮಾತು ಹೇಳಿದರೆ ಏನಂದಾರು! ಇನ್ನೊಂದು ವಿಚಿತ್ರ ಗಮನಿಸಿ. ನಿಜವಾಗಿ ಸಲಿಂಗಿಯಾದವನೊಬ್ಬ, ಹೆಣ್ಣುಗಳ ಹಿಂದೆ ಸುತ್ತುವ ಗಂಡಸಿನ ವೇಷ ಹಾಕಿ, ಆ ಗಂಡಸು ಸಲಿಂಗಿಯ ವೇಷ ಹಾಕಿದಂತೆ ನಟಿಸಬೇಕಾಯಿತು. ತನ್ನಂಥವರನ್ನು ಅಣಕಿಸಿ ಜನರನ್ನು ನಗಿಸಿದ. ಅದರಲ್ಲಿ ಸಹಜವಾಗಿದ್ದ ಒಂದು ಕೂದಲೂ ಅವನದಲ್ಲ. ಸಹಜವಾಗಿ ಅವನು ಹೇಗಿದ್ದನೋ, ಅದನ್ನೇ ಜನ ಅಪ್ಪಟ ಗಂಡಸು ಅಂತ ಮೆಚ್ಚಿದ್ದರು.

ಆತನಿಗೂ ಮದುವೆ ಆಗಿತ್ತು. 1955ರಲ್ಲಿ, ಗಾಸಿಪ್ ಪತ್ರಿಕೆಗಳ ಪಿಸುಮಾತು ಜೋರಾಗಿದ್ದ ದಿನಗಳಲ್ಲಿ, ಏಜೆಂಟನ ಕಚೇರಿಯಲ್ಲಿ ಕೆಲಸಕ್ಕಿದ್ದ ಫಿಲಿಸ್ ಗೇಟ್ಸ್ ಎಂಬಾಕೆಯೊಡನೆ. ಮೂರು ವರ್ಷಕ್ಕೆ, 1958ರಲ್ಲಿ, ಮುರಿದುಬಿತ್ತು. ಅದು ಬರೀ ತೋರಿಕೆಯ ಮದುವೆ ಅಂದವರಿದ್ದಾರೆ. ಆಕೆ ಮಾತ್ರ ತಾನು ಪ್ರೀತಿಸಿಯೇ ಕೈಹಿಡಿದೆ ಎಂದು 1987ರಲ್ಲಿ ಪುಸ್ತಕ ಬರೆದು ಹೇಳಿಕೊಂಡಳು. ರಾಕ್ ಹಡ್ಸನ್ ಬಗ್ಗೆ ಬರೆಯುವವರು ಆಕೆಯನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಆ ಎರಡು ಸಾಲೇ ಚುಚ್ಚುವುದು. ಈ ಮಾತಿಗೆ ಮತ್ತೆ ಬರುತ್ತೇನೆ.

1985ರ ಜುಲೈಯಲ್ಲಿ ಹಳೆಯ ಗೆಳತಿ ಡೋರಿಸ್ ಡೇಯ ಟೀವಿ ಕಾರ್ಯಕ್ರಮಕ್ಕಾಗಿ ಆತ ಪತ್ರಕರ್ತರ ಮುಂದೆ ಬಂದಾಗ ಗುರುತೇ ಸಿಗದಷ್ಟು ಸೊರಗಿದ್ದ. ಅದೇ ತಿಂಗಳು ಪ್ಯಾರಿಸಿನಲ್ಲಿ ಕುಸಿದುಬಿದ್ದ. ಏಡ್ಸ್ ಆಗಿದೆ ಅನ್ನುವ ಸುದ್ದಿ ಜುಲೈ 25ರಂದು ಹೊರಬಿತ್ತು. ಅಕ್ಟೋಬರ್ 2ರಂದು ತೀರಿಕೊಂಡ, ವಯಸ್ಸು 59. ಏಡ್ಸ್ ಸಲಿಂಗಿಗಳ ಕಾಯಿಲೆಯಲ್ಲ, ಗಂಡ ಹೆಂಡಿರಿಗೂ ಮಕ್ಕಳಿಗೂ ತಗಲುವುದು, ಇದು ಈಗ ನಮ್ಮ ಆಶಾ ಕಾರ್ಯಕರ್ತೆಯರೂ ಹೇಳುತ್ತಾರೆ. ಆಗ ಲೋಕ ಹಾಗೆ ತಿಳಿದಿರಲಿಲ್ಲ. ಅಮೆರಿಕದ ಅಧ್ಯಕ್ಷ ರೇಗನ್, ತಾವೂ ಹಾಲಿವುಡ್ಡಿನಿಂದ ಬಂದವರು, ಹಡ್ಸನ್ನನ ಪರಿಚಯಸ್ಥರು. ಸಾವಿರಾರು ಜನ ಸತ್ತಮೇಲೆ, ಆ ಸೆಪ್ಟೆಂಬರಿನಲ್ಲಷ್ಟೇ ಪತ್ರಿಕಾಗೋಷ್ಠಿಯಲ್ಲಿ ಏಡ್ಸ್ ಬಗ್ಗೆ ಬಾಯಿಬಿಟ್ಟರು. 'ಜೈಂಟ್'ನ ಹೆಂಡತಿ ಎಲಿಜಬೆತ್ ಟೇಲರ್ ಮಾತ್ರ ಅದೇ ವರ್ಷ ಏಡ್ಸ್ ಸಂಶೋಧನೆಗೆ ಹಣ ಕೂಡಿಸುವ ಸಂಸ್ಥೆ ಕಟ್ಟಲು ಮುಂದಾಗಿ, ಬದುಕಿರುವ ತನಕ ಆ ಕೆಲಸ ಬಿಡಲಿಲ್ಲ.

ಮೂವತ್ತು ವರ್ಷ ಆತನನ್ನು ಗಂಡಸಿನ ಮಾದರಿ ಅಂತ ಹೊತ್ತು ಮೆರೆಸಿದ ಜನ ಆ ಜುಲೈಯಲ್ಲಿ ಏನು ಮಾಡಬೇಕು ಹೇಳಿ? ಕಂಡದ್ದೆಲ್ಲ ಸುಳ್ಳು ಅನ್ನಬೇಕೋ, ಅಥವಾ ನಾವು ಹಿಡಿದ ಅಳತೆಗೋಲೇ ಡೊಂಕು ಅನ್ನಬೇಕೋ? ಮನೆಮನೆಯಲ್ಲಿ ಈ ಪ್ರಶ್ನೆ ಎದ್ದಿತು. ಒಂದು ಸಾವಿನಿಂದ ಎದ್ದಿತು ಅನ್ನುವುದೇ ಸಂಕಟ.

ಇನ್ನು ನಮ್ಮ ಕಡೆಗೆ ಬರೋಣ. ಹಿಂದಿ ಚಿತ್ರಗಳನ್ನು ನೀವೂ ನೋಡಿದ್ದೀರಿ. 1991ರ 'ಮಸ್ತ್ ಕಲಂದರ್'ನಲ್ಲಿ ಅನುಪಮ್ ಖೇರ್ 'ಪಿಂಕು' ಆಗಿ ಬಂದರು. ಬಣ್ಣಬಣ್ಣದ ಬಟ್ಟೆ, ಕುಣಿಯುವ ಕೈ, ಗಂಡಸರನ್ನು ಕಂಡರೆ ಹಲ್ಲು ಗಿಂಜುವುದು. ಬಹಳ ಕಾಲ ಇದೇ ಅಚ್ಚು. ನಮ್ಮ ಕನ್ನಡದ ಹಾಸ್ಯ ಪಾತ್ರಗಳೂ ಅದೇ ಅಚ್ಚಿನಿಂದ ಎದ್ದವು. 2003ರ 'ಕಲ್ ಹೋ ನಾ ಹೋ'ದಲ್ಲಿ ಶಾರುಖ್ ಖಾನ್, ಸೈಫ್ ಅಲಿ ಖಾನ್ ಜೊತೆಗಿದ್ದುದನ್ನು ಕಂಡು ಮನೆಯ ಕಾಂತಾಬೆನ್ ಬೆಚ್ಚಿಬೀಳುವ ತಮಾಷೆ ನೆನಪಿದೆಯಲ್ಲ? 2008ರ 'ದೋಸ್ತಾನಾ'ದಲ್ಲಿ ಅಭಿಷೇಕ್ ಬಚ್ಚನ್, ಜಾನ್ ಅಬ್ರಹಾಂ ಬಾಡಿಗೆ ಮನೆಗೋಸ್ಕರ ಜೋಡಿ ಅಂತ ಸುಳ್ಳು ಹೇಳುತ್ತಾರೆ. ತಾಯಿ ಕಿರಣ್ ಖೇರ್ ಮೊದಲು ಎದೆ ಬಡಿದುಕೊಂಡು ಆಮೇಲೆ ಮಗನಿಗೋಸ್ಕರ ಮನಸ್ಸು ಮಾಡುತ್ತಾಳೆ. ನಗೆಯೊಳಗೆ ಅದೊಂದು ಒಳ್ಳೆಯ ಎಳೆ, ಒಪ್ಪುತ್ತೇನೆ. ಆದರೂ ಎಲ್ಲ ಸುಳ್ಳು ತಾನೇ? ನಿಜವಾದವರು ಯಾರೂ ಅಲ್ಲಿಲ್ಲ.

ಗೇಲಿಯ ಚಿತ್ರಗಳೇ ಬೇಡ ಅನ್ನುವಷ್ಟು ಮಡಿವಂತೆ ನಾನಲ್ಲ. ಜಿಪುಣರನ್ನು, ಬಾಯಿಬಡುಕರನ್ನು, ನಮ್ಮನ್ನೇ, ಅಂದರೆ ಹೆಂಗಸರನ್ನೇ, ತೆರೆ ಎಷ್ಟು ಗೇಲಿ ಮಾಡಿಲ್ಲ? ಆದರೆ ಜಿಪುಣನಿಗೆ ಇನ್ನೊಂದು ಚಿತ್ರದಲ್ಲಿ ಮರ್ಯಾದೆಯ ಪಾತ್ರ ಸಿಗುತ್ತದೆ. ಹದಿನೈದರ ಹುಡುಗನೊಬ್ಬ ತನ್ನಂಥವರು ಯಾರಾದರೂ ಇದ್ದಾರಾ ಅಂತ ಕತ್ತು ಚಾಚಿ ನೋಡಿದಾಗ, ನಲವತ್ತು ವರ್ಷ ಒಬ್ಬ ಪಿಂಕು ಮಾತ್ರ ಕಂಡರೆ? ಅವನು ಪಿಂಕುವಿನ ಹಾಗೆ ಇಲ್ಲದಿದ್ದರೂ, 'ಹಾಗಾದರೆ ನನ್ನ ಬಾಳು ಇಷ್ಟೇ, ನಗಿಸುವುದು, ಒದೆ ತಿನ್ನುವುದು' ಅಂತ ತಿಳಿದುಬಿಡುತ್ತಾನೆ. ಟೀವಿ ನೋಡಿ ಯಾರೂ ಸಲಿಂಗಿ ಆಗುವುದಿಲ್ಲ ತಾಯಿ. ಟೀವಿ ನೋಡಿ ತನ್ನನ್ನು ತಾನು ಹೇಸಿಕೊಳ್ಳುವುದನ್ನು ಮಾತ್ರ ಕಲಿಯಬಹುದು.

ಗಾಳಿ ಬದಲಾಗಿದೆ ಅನ್ನುವುದೂ ನಿಜ. 2005ರಲ್ಲಿ ಓನಿರ್ ಎಂಬ ನಿರ್ದೇಶಕರು 'ಮೈ ಬ್ರದರ್ ನಿಖಿಲ್' ತೆಗೆದರು; ಗೋವೆಯ ಈಜುಪಟುವಿನ ಕಥೆ, ನಾಯಕನ ಜೊತೆ ಕೊನೆತನಕ ನಿಲ್ಲುವವಳು ಅವನ ಅಕ್ಕ. 2016ರಲ್ಲಿ ನಮ್ಮಲ್ಲಿ ಬಿಡುಗಡೆಯಾದ 'ಅಲಿಗಢ' ನಡೆದ ಕಥೆಯೇ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದ ಪ್ರೊಫೆಸರ್ ಸಿರಸ್ ಅವರನ್ನು 2010ರಲ್ಲಿ ಕೆಲಸದಿಂದ ಅಮಾನತು ಮಾಡಿದ್ದು, ಅಲಹಾಬಾದ್ ಹೈಕೋರ್ಟ್ ಅವರ ಪರ ನಿಂತದ್ದು, ಕೆಲವೇ ದಿನಗಳಲ್ಲಿ ಅವರು ಮನೆಯಲ್ಲಿ ಹೆಣವಾಗಿ ಸಿಕ್ಕಿದ್ದು. ಮನೋಜ್ ಬಾಜಪೇಯಿ ಆ ಪಾತ್ರದಲ್ಲಿ ಬಳುಕಲಿಲ್ಲ, ಕುಣಿಯಲಿಲ್ಲ. ಒಬ್ಬಂಟಿಯಾಗಿ ಕೂತು ಲತಾ ಮಂಗೇಶ್ಕರ್ ಹಾಡು ಕೇಳುವ ವಯಸ್ಸಾದ ಮೇಷ್ಟ್ರು, ಅಷ್ಟೇ.

ಅದೇ 2016ರ 'ಕಪೂರ್ ಅಂಡ್ ಸನ್ಸ್' ಅನ್ನು ತಾಯಂದಿರು ನೋಡಲೇಬೇಕು ಅನ್ನುತ್ತೇನೆ. ಕೂನೂರಿನ ಮನೆ, ಇಬ್ಬರು ಗಂಡುಮಕ್ಕಳು. ದೊಡ್ಡವನು ಫವಾದ್ ಖಾನ್: ಅಚ್ಚುಕಟ್ಟು, ಸಂಪಾದನೆ, ಹೆಸರು, ರೂಪ, ಎಲ್ಲದರಲ್ಲೂ 'ನೋಡಿ ಕಲಿ' ಅಂತ ಚಿಕ್ಕವನಿಗೆ ಹೇಳಿಸಿಕೊಳ್ಳುವ ಮಗ. ಅವನೇ ಸಲಿಂಗಿ ಅನ್ನುವುದು ತಾಯಿ ರತ್ನಾ ಪಾಠಕ್ ಶಾಗೆ ಆಕಸ್ಮಿಕವಾಗಿ ತಿಳಿಯುತ್ತದೆ. ಆಕೆಯ ಸಿಟ್ಟನ್ನು ಗಮನಿಸಿ. ಮಗ ಕೆಟ್ಟ ಅನ್ನುವುದಕ್ಕಿಂತ, ಇಷ್ಟು ವರ್ಷ ನನ್ನಿಂದ ಬಚ್ಚಿಟ್ಟನಲ್ಲ ಅನ್ನುವ ಸಿಟ್ಟು. ಬಚ್ಚಿಡದೆ ಏನು ಮಾಡುತ್ತಿದ್ದ? ಪರಿಪೂರ್ಣ ಮಗನ ಪಟ್ಟ ಕಟ್ಟಿದವಳೂ ಆಕೆಯೇ ಅಲ್ಲವೇ? ಹಲವು ಹೆಸರಾಂತ ನಟರು ಬೇಡವೆಂದಮೇಲೆ ಆ ಪಾತ್ರ ಪಾಕಿಸ್ತಾನದ ಈ ನಟನಿಗೆ ಬಂತಂತೆ. ನಮ್ಮ ನಾಯಕರ ಗಂಡಸುತನ ಎಷ್ಟು ಗಾಜಿನದು ನೋಡಿ, ಒಂದು ಪಾತ್ರಕ್ಕೆ ಒಡೆದುಹೋದೀತು ಅಂತ ಭಯ!

ಗಂಡಸುತನ ಅಂದಾಗ ನಮ್ಮ ಹಳೆಯ ಗಾದೆ ನೆನಪಾಗುತ್ತದೆ: ಉತ್ತರನ ಪೌರುಷ ಒಲೆ ಮುಂದೆ. ವಿರಾಟನ ಮಗ ಉತ್ತರಕುಮಾರ ಅಂತಃಪುರದ ಹೆಂಗಸರ ಮುಂದೆ ಕೌರವರನ್ನು ಹಾಗೆ ಕೊಚ್ಚುತ್ತೇನೆ, ಹೀಗೆ ತರಿಯುತ್ತೇನೆ ಅಂದವನು, ಸೈನ್ಯ ಕಂಡೊಡನೆ ರಥದಿಂದಿಳಿದು ಓಡಿದ. ಅವನನ್ನು ಹಿಡಿದು ತಂದು ಕೂರಿಸಿ ಯುದ್ಧ ಗೆದ್ದವರು ಯಾರು? ಜಡೆ ಹೆಣೆದುಕೊಂಡು ರಾಜಕುಮಾರಿಗೆ ನಾಟ್ಯ ಕಲಿಸುತ್ತಿದ್ದ ಬೃಹನ್ನಳೆ. ಅರ್ಜುನನ ಆ ವೇಷ ಶಾಪದ್ದು, ಅಜ್ಞಾತವಾಸದ್ದು, ಒಲವಿನ ಮಾತು ಅಲ್ಲಿ ಇಲ್ಲ, ಸರಿ. ಆದರೆ ನಡೆ ನುಡಿ ನೋಡಿ ಎದೆಗಾರಿಕೆ ಅಳೆಯಬಾರದು ಅನ್ನುವುದು ನಮ್ಮ ಗದುಗಿನ ಭಾರತ ಓದುವ ಅಜ್ಜಿಯರಿಗೂ ಗೊತ್ತಿದ್ದ ಸಂಗತಿ. ಈ ಮಾತನ್ನು ಮೈದುನನಿಗೆ ಹೇಳಿ, ಬೇಕಾದರೆ ನನ್ನ ಹೆಸರಿನಲ್ಲೇ ಹೇಳಿ.

ಇಂದಿನ ಹುಡುಗರಿಗೆ ಬೇರೆ ಮುಖಗಳೂ ಕಾಣಸಿಗುತ್ತವೆ. ಇಂಗ್ಲೆಂಡಿನ ಟಾಮ್ ಡೇಲಿ ಅಂತ ಈಜುಕೊಳಕ್ಕೆ ಹತ್ತು ಮೀಟರ್ ಮೇಲಿನಿಂದ ಧುಮುಕುತ್ತಿದ್ದ ಆಟಗಾರ. 2013ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, ತನ್ನ ಒಲವು ಒಬ್ಬ ಗಂಡಸಿನ ಮೇಲೆ ಎಂದು ತಾನೇ ಎಲ್ಲರಿಗೂ ತಿಳಿಸಿದ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಜೊತೆಗಾರನೊಂದಿಗೆ ಚಿನ್ನ ಗೆದ್ದ. ಆಮೇಲೆ ಪ್ರೇಕ್ಷಕರ ಸಾಲಿನಲ್ಲಿ ಕೂತು ಬೇರೆಯವರ ಸ್ಪರ್ಧೆ ನೋಡುವಾಗ ಆತ ಏನು ಮಾಡುತ್ತಿದ್ದ ಗೊತ್ತೇ? ಉಲ್ಲನ್ ಹೆಣೆಯುತ್ತಿದ್ದ! ಆ ಫೋಟೋ ಲೋಕವೆಲ್ಲ ಸುತ್ತಿತು. ಚಿನ್ನದ ಪದಕಕ್ಕೆ ಗೀರು ಬೀಳದಿರಲಿ ಅಂತ ಅದಕ್ಕೂ ಒಂದು ಪುಟ್ಟ ಚೀಲ ಹೆಣೆದುಕೊಂಡಿದ್ದ. ನಮ್ಮ ಕಸೂತಿ ಅಂಕಣಕ್ಕೆ ಬರೆಸಬೇಕು ಅನ್ನಿಸುತ್ತದೆ.

ಇನ್ನೊಬ್ಬ ಗ್ಯಾರೆತ್ ಥಾಮಸ್, ವೇಲ್ಸ್ ನಾಡಿನ ರಗ್ಬಿ ತಂಡದ ನಾಯಕನಾಗಿದ್ದವನು. ರಗ್ಬಿ ಅಂದರೆ ಮೈಮೇಲೆ ಎತ್ತುಗಳು ಬಿದ್ದ ಹಾಗೆ ಬೀಳುವ ಆಟ. ಮುಂದಿನ ಹಲ್ಲುಗಳಿಲ್ಲದ, ಗೋಡೆಯಂಥ ಆಳು. 2009ರ ಡಿಸೆಂಬರಿನಲ್ಲಿ, ಇನ್ನೂ ಆಡುತ್ತಿದ್ದಾಗಲೇ, ತಾನು ಸಲಿಂಗಿ ಎಂದು ಹೇಳಿದ. ಅದಕ್ಕೆ ಮುಂಚೆ ಅವನಿಗೂ ಮದುವೆಯಾಗಿ, ಮುರಿದಿತ್ತು. ಒಬ್ಬ ಉಲ್ಲನ್ ಹೆಣೆಯುವವನು, ಒಬ್ಬ ಹಲ್ಲು ಮುರಿದುಕೊಂಡವನು. ಇವರಲ್ಲಿ 'ಆ ಥರ' ಯಾವುದು ಅಂತ ಗುರುತು ಹಚ್ಚುತ್ತೀರಿ?

ಅಷ್ಟು ದೂರದವರೇ ಯಾಕೆ ಅನ್ನಬೇಡಿ, ಕನ್ನಡದಲ್ಲೇ ಇದ್ದಾರೆ. 'ನಮ್ಮಮ್ಮ ಅಂದ್ರೆ ನಂಗಿಷ್ಟ' ಪುಸ್ತಕ ನಿಮ್ಮಲ್ಲಿ ಎಷ್ಟೋ ಮಂದಿ ಓದಿ ಕಣ್ಣೊರೆಸಿಕೊಂಡಿದ್ದೀರಿ. ಬರೆದವರು ಬಳ್ಳಾರಿ ಜಿಲ್ಲೆಯ ಸಂಡೂರಿನ ವಸುಧೇಂದ್ರ. 2013ರಲ್ಲಿ ಅವರು 'ಮೋಹನಸ್ವಾಮಿ' ಎಂಬ ಕಥಾಸಂಕಲನ ತಂದರು. ಚಿಕ್ಕ ಊರಿನಲ್ಲಿ ಹೆಣ್ಣಿಗ ಅಂತ ಛೇಡಿಸಿಕೊಂಡು ಬೆಳೆದ ಹುಡುಗ, ದೊಡ್ಡವನಾಗಿ ಬೆಂಗಳೂರು ಸೇರಿ, ಪ್ರೀತಿಸಿ, ಕಳೆದುಕೊಂಡು, ಬದುಕುವ ಕಥೆಗಳು. ತಾವು ಸಲಿಂಗಿ ಎಂಬುದನ್ನು ವಸುಧೇಂದ್ರ ಮುಚ್ಚಿಡದೆ ಹೇಳಿದರು. ಅಮ್ಮನ ಬಗ್ಗೆ ಬರೆದು ಎಲ್ಲರ ಮನೆಮಗನಾದವರು ಈ ಮಾತು ಹೇಳಿದಾಗ, ಪುಸ್ತಕವನ್ನು ಬಚ್ಚಿಟ್ಟು ಓದಿದ ಮನೆಗಳೂ ಇದ್ದಾವು. ಓದಿದವಲ್ಲ, ಅದು ದೊಡ್ಡದು.

ಈಗ ಹಿಂದೆ ಬಿಟ್ಟ ಮಾತಿಗೆ ಬರುತ್ತೇನೆ, ಫಿಲಿಸ್ ಗೇಟ್ಸಳ ಮಾತಿಗೆ. ಯಾಕೆಂದರೆ ನಿಮ್ಮ ಪತ್ರದ ಕೊನೆಗೆ ನಿಮ್ಮ ಅತ್ತೆಯವರ ಸಲಹೆಯನ್ನೂ ಬರೆದಿದ್ದೀರಿ: "ವಯಸ್ಸಿಗೆ ಬಂದ ತಕ್ಷಣ ಒಂದು ಮದುವೆ ಮಾಡಿದರೆ ಎಲ್ಲ ಸರಿಹೋಗ್ತದೆ."

ಸೋದರಿಯರೇ, ಇಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮಗ ನಿಜವಾಗಿಯೂ ಸಲಿಂಗಿಯಾಗಿದ್ದರೆ ಮದುವೆಯಿಂದ ಸರಿಹೋಗುವುದು ಏನೂ ಇಲ್ಲ. ಇನ್ನೊಬ್ಬರ ಮನೆಯ ಹೆಣ್ಣುಮಗಳು ತನ್ನಲ್ಲೇ ಏನೋ ಕೊರತೆ ಅಂದುಕೊಂಡು, ದಪ್ಪ ಆದೆನೇನೋ, ಕಪ್ಪಿದ್ದೇನೇನೋ ಅಂತ ಕನ್ನಡಿ ಮುಂದೆ ನಿಂತು, ವ್ರತ ಹಿಡಿದು, ಹರಕೆ ಹೊತ್ತು, ಇಪ್ಪತ್ತು ವರ್ಷ ಸವೆಯುತ್ತಾಳೆ. ಹೊರಗೆ ಹೇಳಿಕೊಳ್ಳಲು ಅವಳ ಬಳಿ ಮಾತೂ ಇಲ್ಲ; ಗಂಡ ಹೊಡೆಯುವುದಿಲ್ಲ, ಕುಡಿಯುವುದಿಲ್ಲ, ಸಂಬಳ ತಂದುಕೊಡುತ್ತಾನೆ, ಇನ್ನೇನು ನಿನ್ನ ರಗಳೆ ಅಂತ ತವರಿನವರೇ ಅಂದಾರು. 2022ರ 'ಬಧಾಯಿ ದೋ' ಹಿಂದಿ ಚಿತ್ರ ಇದನ್ನು ನಗಿಸುತ್ತಲೇ ಹೇಳಿತು. ಮೈ ಹುರಿಗಟ್ಟಿಸಿದ ಪೊಲೀಸ್ ರಾಜಕುಮಾರ್ ರಾವ್, ಆಟದ ಟೀಚರ್ ಭೂಮಿ ಪೆಡ್ನೇಕರ್. ಅವನಿಗೆ ಗಂಡಸು ಇಷ್ಟ, ಅವಳಿಗೆ ಹೆಂಗಸು ಇಷ್ಟ. ಮನೆಯವರ ಕಾಟ ತಾಳದೆ ಒಬ್ಬರಿಗೊಬ್ಬರು ಗೊತ್ತಿದ್ದೇ ಮದುವೆಯಾಗುತ್ತಾರೆ. ಅಲ್ಲಿ ಕಡೇಪಕ್ಷ ಇಬ್ಬರಿಗೂ ಗೊತ್ತಿದೆ.

ಗೊತ್ತಿಲ್ಲದೆ ಸಿಕ್ಕಿಬಿದ್ದವಳ ಕಥೆ ಬೇಕಾದರೆ 2023ರ ಮಲಯಾಳಂ ಚಿತ್ರ 'ಕಾದಲ್' ನೋಡಿ. ಮಮ್ಮೂಟ್ಟಿ ನಾಯಕ, ಆ ಚಿತ್ರದ ನಿರ್ಮಾಪಕರೂ ಅವರೇ. ಎಪ್ಪತ್ತು ದಾಟಿದ, ನಲವತ್ತು ವರ್ಷ ಗಂಡುಗಲಿ ಪಾತ್ರ ಮಾಡಿದ ಮಹಾನಟ ಸಲಿಂಗಿಯ ಪಾತ್ರ ಒಪ್ಪಿದ್ದಕ್ಕೇ ಕೈಮುಗಿಯಬೇಕು. ಊರಿನ ಗೌರವಸ್ಥ, ಸ್ಥಳೀಯ ಉಪಚುನಾವಣೆಗೆ ನಿಲ್ಲಲು ಹೊರಟಿದ್ದಾನೆ, ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಅದೇ ಹೊತ್ತಿಗೆ ಹೆಂಡತಿ ವಿಚ್ಛೇದನಕ್ಕೆ ದಾವೆ ಹಾಕುತ್ತಾಳೆ. ಹೆಂಡತಿ ಜ್ಯೋತಿಕಾ. ಕೂಗಾಟವಿಲ್ಲ, ಶಾಪವಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇಬ್ಬರೂ ಒಂಟಿಯಾಗಿದ್ದುದನ್ನು ಆಕೆ ನ್ಯಾಯಾಲಯದಲ್ಲಿ ಮೆಲ್ಲಗೆ ಹೇಳುತ್ತಾಳೆ. ಮಮ್ಮೂಟ್ಟಿಯ ಪಾತ್ರದಷ್ಟೇ, ನನಗಂತೂ ಅದಕ್ಕಿಂತ ಹೆಚ್ಚಾಗಿ, ಆ ಹೆಂಡತಿಯದು ಮನಸ್ಸಿನಲ್ಲಿ ಉಳಿಯಿತು. ಫಿಲಿಸ್ ಗೇಟ್ಸಳಿಗೆ ಸಿಗದ ನ್ಯಾಯ ಅರವತ್ತೈದು ವರ್ಷ ಕಳೆದು ಕೇರಳದ ಒಂದು ಕಥೆಯ ಹೆಣ್ಣಿಗೆ ಸಿಕ್ಕಂತಾಯಿತು.

ಇನ್ನು ಆ ತಾಯಿಗೆ ನಾಲ್ಕು ಬಳಕೆಯ ಮಾತು.

ಮಗನನ್ನು ಕೂರಿಸಿಕೊಂಡು 'ನೀನು ಅವನಾ' ಅಂತ ಕೇಳಬೇಡಿ. ಅದು ವಿಚಾರಣೆಯಾಗುತ್ತದೆ. ಹೋಳಿಗೆಗೆ ಕಣಕ ಕಲಸುವಾಗ, "ಯಾಕೋ ಹದ ಬರ್ತಾ ಇಲ್ಲ, ಸ್ವಲ್ಪ ನೋಡೋ" ಅಂತ ಕರೆಯಿರಿ. ಮೊದಲ ಸಲ ಬರಲಿಕ್ಕಿಲ್ಲ. ಅವನ ಚಿಕ್ಕಪ್ಪ ಮನೆಯಲ್ಲಿದ್ದಾಗಲೇ, ಅವರಿಗೆ ಕೇಳುವಂತೆಯೇ ಕರೆಯುವುದು ಇನ್ನೂ ಒಳ್ಳೆಯದು. ಟೀವಿಯಲ್ಲಿ ಮತ್ತೆ ಅಂಥ ಗೇಲಿ ಬಂದಾಗ ನೀವು ನಗದೆ ಕೂತರೆ ಅವನು ಗಮನಿಸುತ್ತಾನೆ. ಮನೆಯಲ್ಲಿ ಯಾರು ನಕ್ಕರು, ಯಾರು ನಗಲಿಲ್ಲ ಅಂತ ಈ ವಯಸ್ಸಿನ ಮಕ್ಕಳು ಲೆಕ್ಕ ಇಡುತ್ತಾರೆ. "ಇದರಲ್ಲಿ ನಗೋದೇನಿದೆ, ಬೇರೆ ಚಾನೆಲ್ ಹಾಕಿ" ಅಂದರೆ ಅಷ್ಟೇ ಸಾಕು.

ನಾಳೆ ಅವನಾಗಿಯೇ ಬಂದು ಏನಾದರೂ ಹೇಳಿದನೆನ್ನಿ. ಹೇಳದೆಯೂ ಇರಬಹುದು, ಹೇಳುವುದಕ್ಕೆ ಏನೂ ಇಲ್ಲದೆಯೂ ಇರಬಹುದು. ಹೇಳಿದರೆ, ಮಂತ್ರವಾದಿ, ತಾಯತ, ಕರೆಂಟು ಕೊಡುವ ಡಾಕ್ಟರು ಅಂತ ಅಲೆಯಬೇಡಿ. ಇದು ಕಾಯಿಲೆಯಲ್ಲ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ತೆಗೆಯಿತು, ನಮ್ಮ ದೇಶದ ಮನೋವೈದ್ಯರ ಸಂಘವೂ 2018ರಲ್ಲಿ ಇದೇ ಮಾತು ಹೇಳಿತು. 'ಬದಲಾಯಿಸಿಕೊಡುತ್ತೇನೆ' ಅಂತ ಚಿಕಿತ್ಸೆ ಮಾಡುವುದು ವೈದ್ಯವೃತ್ತಿಗೆ ಸಲ್ಲದ ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ಯಾರಾದರೂ ಹಾಗೆ ದುಡ್ಡು ಕೇಳಿದರೆ ಎದ್ದು ಬನ್ನಿ. ಹುಡುಗ ತೀರಾ ಮಂಕಾಗಿ, ಊಟ ನಿದ್ದೆ ಬಿಟ್ಟರೆ, ಬದುಕಿಯೇನು ಅನ್ನುವ ಮಾತಾಡಿದರೆ ಮಾತ್ರ ತಡಮಾಡದೆ ಆಪ್ತಸಲಹೆ ಪಡೆಯಿರಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡುತ್ತಾರೆ, ಖರ್ಚಿಲ್ಲ.

ಪೊಲೀಸು, ಕೋರ್ಟು ಅಂತ ಹೆದರುವವರಿಗೂ ಹೇಳಿಬಿಡುತ್ತೇನೆ. ಬ್ರಿಟಿಷರ ಕಾಲದ 377ನೆಯ ಕಲಮಿನಡಿ ಇದು ಅಪರಾಧವಾಗಿತ್ತು. ವಯಸ್ಕರಿಬ್ಬರು ಒಪ್ಪಿ ಬಾಳುವುದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟರು. ಮದುವೆಯ ಹಕ್ಕು ಮಾತ್ರ 2023ರ ಅಕ್ಟೋಬರ್ ತೀರ್ಪಿನಲ್ಲಿ ಸಿಗಲಿಲ್ಲ.

ಈ ಸಲ ಅಡುಗೆ ಪ್ರಶ್ನೆಗಳಿಗೆ ಜಾಗ ಉಳಿಯಲಿಲ್ಲ, ನಿಂಬೆ ಉಪ್ಪಿನಕಾಯಿಗೆ ಬೂಷ್ಟು ಬರುವ ವಿಚಾರ ಮುಂದಿನ ಸಂಚಿಕೆಗೆ. ಅಷ್ಟರಲ್ಲಿ, ಗಂಡ ತನ್ನ ಕಡೆ ತಿರುಗಿಯೂ ನೋಡುವುದಿಲ್ಲ ಅಂತ ಒಳಗೊಳಗೇ ಬೇಯುತ್ತಿರುವವರು, ಮಗ ಏನೋ ಬಚ್ಚಿಡುತ್ತಿದ್ದಾನೆ ಅಂತ ಅಳುಕುತ್ತಿರುವವರು ನಿಮ್ಮಲ್ಲಿದ್ದರೆ ಬರೆಯಿರಿ. ಹೆಸರು ಬೇಡ ಅಂದರೆ ಹಾಕುವುದಿಲ್ಲ. ಅಚ್ಚು ಹಾಕಲೇಬೇಡಿ ಅಂದರೆ ಅದೂ ಸರಿ, ಪತ್ರದಲ್ಲೇ ಉತ್ತರ ಬರೆಯುತ್ತೇನೆ.